ಪಾರಸಿಕ ಯವನಾಕ್ರಮಣಗಳಿಗೆ ಕನ್ನಡ ನಾಡಿನ ಶಬ್ದಸಾಕ್ಷ್ಯ

ಪ್ರಾಚೀನ ಭಾರತದ ಇತಿಹಾಸವನ್ನು ಕನ್ನಡದಲ್ಲಿ ನಿರೂಪಿಸುವ ಪಠ್ಯಗ್ರಂಥಗಳಲ್ಲಿ ಪಾರಸಿಕರ ಹಾಗೂ ಯವನರ ಆಕ್ರಮಣಗಳಿಗೆ ಒಂದು ಪ್ರಕರಣವನ್ನು ಮೀಸಲಿಡುವುದು ವಾಡಿಕೆಯಾಗಿದೆ. ಆ ಪ್ರಕರಣದ ಕ್ರಮವೂ ಬಹುಮಟ್ಟಿಗೆ ಒಂದೇ ತೆರನಾದುದು. ಮೊದಲು ಸೈರಸ್ ಮತ್ತು ಡೇರಿಯಸ್ ಚಕ್ರವರ್ತಿಗಳು ಸಿಂಧೂ ಪ್ರಾಂತವನ್ನು ವಶಪಡಿಸಿಕೊಂಡ ಮಾತು. ಬಳಿಕ ಅಲೆಕ್ಸಾಂಡರನ ದಂಡಯಾತ್ರೆ, ವಿತಸ್ತಾ ನದಿಯ ತೀರದಲ್ಲಿ ಪೌರವನೊಡನೆ ನಡೆದ ಯುದ್ಧ, ವಿಪಾಶೆಯ ದಡದಿಂದ ಸೇನೆಯ ಹಿಂದಿರುಗುವಿಕೆ. ಕಡೆಯಲ್ಲಿ ‘ಆಕ್ರಮಣಗಳ ಪರಿಣಾಮಗಳು’ ಎಂಬ ತಲೆಬರಹದ ಕೆಳಗೆ ನಾಲ್ಕಾರು ವಾಕ್ಯಗಳು. ವಿಂಧ್ಯದಿಂದ ದಕ್ಷಿಣಕ್ಕಿರುವ ನಾಡುಗಳು ಈ ಕಥೆಯಲ್ಲಿ ಎಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ಶತ್ರುಸೈನ್ಯವು ವಿಪಾಶೆಯನ್ನೇ ದಾಟದಿರುವಾಗ ತುಂಗಭದ್ರೆಯ ಮಾತೇಕೆ ಎಂಬುದು ಇದರ ಅಭಿಪ್ರಾಯವಾಗಿರಬಹುದು. ಲಕ್ಷ್ಮಣತೀರ್ಥದ ದಡದ ಕಟ್ಟೆಮಳಲವಾಡಿಯಂತಹ ಊರಿನಲ್ಲಿ ಈ ಪಾಠವನ್ನು ಓದುವ ವಿದ್ಯಾರ್ಥಿಗೆ ಇದು ದೂರದೇಶದ ವಾರ್ತೆಯಾಗಿಯೇ ಉಳಿಯುವುದು.

ಈ ಕ್ರಮವು ಸಾಧುವೇ ಎಂಬುದು ವಿಚಾರಾರ್ಹವಾದ ವಿಷಯ. ಆಕ್ರಮಣವೆಂಬುದನ್ನು ಸೈನ್ಯವು ನಡೆದ ದಾರಿಯಿಂದ ಮಾತ್ರವೇ ಅಳೆಯುವುದಾದರೆ ಪೂರ್ವಪಕ್ಷವು ನಿರಾಕ್ಷೇಪವಾದುದು. ಪಾರಸಿಕರ ಕುದುರೆಯಾಗಲಿ ಯವನರ ಭಲ್ಲೆಯಾಗಲಿ ಕನ್ನಡ ನಾಡನ್ನು ಮುಟ್ಟಲಿಲ್ಲ. ಆದರೆ ರಾಜ್ಯಗಳು ಅಳಿದ ಮೇಲೆಯೂ ಉಳಿಯುವಂತಹವು ಕೆಲವು ಉಂಟು. ಅಕ್ಷರ, ಆಡಳಿತದ ಪದ್ಧತಿ, ಶಬ್ದ ಇವು ಅಂತಹವು. ಇವುಗಳನ್ನು ಅಳತೆಗೋಲಾಗಿ ಹಿಡಿದರೆ ಕನ್ನಡ ನಾಡು ಆ ಇತಿಹಾಸದ ಹೊರಗಿಲ್ಲ. ಅದರ ಅತ್ಯಂತ ಸ್ಪಷ್ಟವಾದ ಸಾಕ್ಷಿಗಳಲ್ಲೊಂದು ಚಿತ್ರದುರ್ಗ ಜಿಲ್ಲೆಯ ಬಂಡೆಯ ಮೇಲೆಯೇ ಇದೆ.

ಮೊದಲು ಸಾಕ್ಷ್ಯಗಳ ಬಲಾಬಲವನ್ನು ನೋಡತಕ್ಕದ್ದು. ಅಲೆಕ್ಸಾಂಡರನ ದಂಡಯಾತ್ರೆಯನ್ನು ಕುರಿತು ಇಂದು ಹೇಳುವುದೆಲ್ಲವೂ ಯವನ ಮತ್ತು ರೋಮಕ ಲೇಖಕರಿಂದ ಬಂದುದು. ಅವನ ಜೊತೆಯಲ್ಲಿ ಬಂದಿದ್ದ ಟಾಲೆಮಿ, ಅರಿಸ್ಟೊಬುಲಸ್, ನಿಯಾರ್ಕಸ್, ಒನೆಸಿಕ್ರಿಟಸ್ ಮೊದಲಾದವರು ಬರೆದ ಗ್ರಂಥಗಳು ಲುಪ್ತವಾಗಿವೆ. ಉಳಿದಿರುವ ಅರಿಯನ್, ಪ್ಲುಟಾರ್ಕ್, ಡಯೋಡೋರಸ್, ಕರ್ಟಿಯಸ್ ಇವರ ಗ್ರಂಥಗಳು ಆ ಘಟನೆಗೆ ಮೂರು ನಾಲ್ಕು ಶತಮಾನಗಳ ಅನಂತರದವು. ಎಲ್ಲರಿಗಿಂತ ಹೆಚ್ಚು ವಿಶ್ವಾಸಾರ್ಹನೆನಿಸಿದ ಅರಿಯನ್ನನು ಕ್ರಿ. ಶ. ಎರಡನೆಯ ಶತಮಾನದವನು. ಮೂಲಗ್ರಂಥವು ಕಳೆದುಹೋಗಿ ಅದನ್ನು ಉದ್ಧರಿಸಿದ ಟೀಕೆ ಮಾತ್ರವೇ ಉಳಿದಿರುವ ಸ್ಥಿತಿಯು ಶಾಸ್ತ್ರಾಧ್ಯಯನ ಮಾಡಿದವರಿಗೆ ಅಪರಿಚಿತವಲ್ಲ. ಅಂತಹ ಸಂದರ್ಭದಲ್ಲಿ ಟೀಕಾಕಾರನ ಮಾತನ್ನು ಮೂಲಕಾರನ ಮಾತೆಂದು ಯಾರೂ ಗ್ರಹಿಸುವುದಿಲ್ಲ. ಆ ಎಚ್ಚರವು ಪೌರವನ ಕಥೆಯನ್ನು ಹೇಳುವಾಗಲೂ ಇರಬೇಕಾದುದು ನ್ಯಾಯ. ಸೆರೆಸಿಕ್ಕ ರಾಜನ ಧೀರೋಕ್ತಿಯೆಂದು ಶಾಲೆಗಳಲ್ಲಿ ಬಾಯಿಪಾಠ ಮಾಡಿಸುವ ಮಾತು ಇಂತಹ ಪರೋಕ್ಷಮೂಲದಿಂದ ಬಂದುದು ಎಂಬುದನ್ನು ಪಠ್ಯಗ್ರಂಥಗಳು ಸೂಚಿಸುವುದೇ ಇಲ್ಲ.

ಹಾಗೆಂದು ಯವನರ ಬರಹಗಳನ್ನು ತಿರಸ್ಕರಿಸುವುದೂ ಯುಕ್ತವಲ್ಲ. ಯವನರು ‘ಸಾಂಡ್ರಕೊಟ್ಟಸ್’ ಎಂದು ಕರೆದವನು ಚಂದ್ರಗುಪ್ತ ಮೌರ್ಯನೇ ಎಂಬುದನ್ನು ಸರ್ ವಿಲಿಯಂ ಜೋನ್ಸ್ ಅವರು ೧೭೯೩ರಲ್ಲಿ ಪ್ರಕಟಪಡಿಸಿದ ಮೇಲೆಯೇ ಭಾರತದ ಪ್ರಾಚೀನ ಕಾಲಗಣನೆಗೆ ಒಂದು ನೆಲೆ ದೊರೆಯಿತು. ಅಶೋಕನ ಹದಿಮೂರನೆಯ ಶಿಲಾಶಾಸನದಲ್ಲಿ ಅಂತಿಯೋಕ, ತುರಮಾಯ, ಅಂತಿಕಿನಿ, ಮಕ, ಅಲಿಕಸುಂದರ ಎಂಬ ಐವರು ಯವನರಾಜರ ಹೆಸರುಗಳು ಬಂದಿರುವುದರಿಂದ ಆ ನೆಲೆಯು ದೃಢವಾಯಿತು. ಇವರಲ್ಲಿ ಕಡೆಯವನನ್ನು ದಂಡಯಾತ್ರೆಯ ಅಲೆಕ್ಸಾಂಡರನೆಂದು ಕೆಲವರು ಭ್ರಮಿಸುವುದುಂಟು. ಅವನು ಅಶೋಕನ ಸಮಕಾಲೀನನಾದ ಬೇರೊಬ್ಬ ಅರಸು. ದಂಡಯಾತ್ರೆಯ ಅಲೆಕ್ಸಾಂಡರನು ಕ್ರಿ. ಪೂ. ೩೨೩ರಲ್ಲಿಯೇ ಬ್ಯಾಬಿಲೋನಿನಲ್ಲಿ ಮರಣಹೊಂದಿದ್ದನು. ಅವನ ದಂಡಯಾತ್ರೆಯನ್ನು ಪ್ರಾಚೀನ ಭಾರತೀಯ ಗ್ರಂಥವಾಗಲಿ ಶಾಸನವಾಗಲಿ ಒಂದೂ ಹೇಳುವುದಿಲ್ಲ. ಈ ಮೌನವನ್ನು ಹಿಡಿದು ಆ ಯಾತ್ರೆಯೇ ಸುಳ್ಳೆನ್ನುವುದು ಒಂದು ಅತಿರೇಕ. ಭಾರತದ ಇತಿಹಾಸವು ಅಲ್ಲಿಂದಲೇ ಆರಂಭವಾಯಿತೆನ್ನುವುದು ಇನ್ನೊಂದು.

ಪಾರಸಿಕರ ವಿಷಯದಲ್ಲಿ ಸಾಕ್ಷ್ಯವು ಇದಕ್ಕಿಂತ ನೇರವಾದುದು. ಕ್ರಿ. ಪೂ. ೫೨೨ರಿಂದ ೪೮೬ರವರೆಗೆ ಆಳಿದ ಡೇರಿಯಸ್ ಚಕ್ರವರ್ತಿಯ ಸ್ವಂತ ಶಾಸನಗಳೇ ಇವೆ. ಬೆಹಿಸ್ತೂನ್ ಬಂಡೆಯ ಶಾಸನದಲ್ಲಿ ಅವನ ಅಧೀನದ ದೇಶಗಳ ಪಟ್ಟಿಯೊಳಗೆ ಗಾಂಧಾರವು ಬಂದಿದೆ. ಅಲ್ಲಿ ಸಿಂಧುದೇಶದ ಹೆಸರಿಲ್ಲ. ಪೆರ್ಸೆಪೊಲಿಸ್ ಮತ್ತು ನಕ್ಷ್-ಇ-ರುಸ್ತಮ್‌ಗಳ ಶಾಸನಗಳಲ್ಲಿ ‘ಹಿದು’ ಎಂಬ ಹೆಸರೂ ಸೇರಿದೆ. ಆದುದರಿಂದ ಸಿಂಧುದೇಶವು ಈ ಎರಡು ಬರಹಗಳ ನಡುವಣ ಕಾಲದಲ್ಲಿ ವಶವಾಯಿತೆಂದು ಊಹಿಸುವುದು ಸಯುಕ್ತಿಕವಾಗಿದೆ. ಈ ಪ್ರಾಂತವು ಪಾರಸಿಕ ಸಾಮ್ರಾಜ್ಯದ ಇಪ್ಪತ್ತನೆಯ ವಿಭಾಗವಾಗಿದ್ದು ವರ್ಷಕ್ಕೆ ೩೬೦ ಟ್ಯಾಲೆಂಟ್ ತೂಕದ ಚಿನ್ನದ ಹುಡಿಯನ್ನು ಕಪ್ಪವಾಗಿ ಒಪ್ಪಿಸುತ್ತಿದ್ದಿತೆಂದು ಹೆರೊಡೋಟಸ್ ಬರೆದಿರುವನು. ಆ ಚಿನ್ನವನ್ನು ನರಿಗಿಂತ ದೊಡ್ಡದಾದ ಇರುವೆಗಳು ಅಗೆದು ತೆಗೆಯುತ್ತಿದ್ದುವೆಂದೂ ಅವನೇ ಬರೆದಿರುವನಾದುದರಿಂದ ಅಂಕೆಯನ್ನು ಎಷ್ಟರಮಟ್ಟಿಗೆ ನಂಬಬೇಕೆಂಬುದನ್ನು ವಾಚಕರೇ ನಿರ್ಣಯಿಸಬಹುದು. ಕ್ರಿ. ಪೂ. ೪೮೦ರಲ್ಲಿ ಗ್ರೀಸ್ ದೇಶದ ಮೇಲೆ ಏರಿಹೋದ ಕ್ಸೆರ್ಕ್ಸಿಸನ ಸೇನೆಯಲ್ಲಿ ಹತ್ತಿಬಟ್ಟೆಯನ್ನುಟ್ಟು ಬೆತ್ತದ ಬಿಲ್ಲುಗಳನ್ನು ಹಿಡಿದ ಭಾರತೀಯ ಯೋಧರಿದ್ದರೆಂಬ ಮಾತಿನಲ್ಲಿ ಮಾತ್ರ ಅಸಂಭಾವ್ಯವಾದುದು ಏನೂ ಇಲ್ಲ.

ಆ ಸಾಮ್ರಾಜ್ಯದ ಕಚೇರಿಗಳಲ್ಲಿ ಪಾರಸಿಕ ಭಾಷೆಗಿಂತ ಹೆಚ್ಚಾಗಿ ಬಳಕೆಯಲ್ಲಿದ್ದುದು ಅರಮಾಯಿಕ್ ಭಾಷೆ ಮತ್ತು ಅದರ ಲಿಪಿ. ಬಲದಿಂದ ಎಡಕ್ಕೆ ಬರೆಯುವ ಆ ಅಕ್ಷರಗಳಿಂದಲೇ ಗಾಂಧಾರದ ಖರೋಷ್ಠಿಯು ಹುಟ್ಟಿತೆಂಬುದು ಲಿಪಿತಜ್ಞರಲ್ಲಿ ಬಹುಮಂದಿಗೆ ಸಮ್ಮತವಾದ ಮತ. ಸಾಮ್ರಾಜ್ಯವು ಕ್ರಿ. ಪೂ. ೩೩೦ರಲ್ಲಿ ನಾಶವಾದ ಮೇಲೂ ಕರಣಿಕರು ಉಳಿದರು. ಅವರ ಲೇಖನಿಯೂ ಉಳಿಯಿತು. ಅಶೋಕನು ಶಹಬಾಜಗಢಿ ಮತ್ತು ಮಾನ್ಸೆಹ್ರಾಗಳಲ್ಲಿ ತನ್ನ ಧರ್ಮಶಾಸನಗಳನ್ನು ಖರೋಷ್ಠಿಯಲ್ಲಿಯೇ ಕೊರೆಯಿಸಬೇಕಾಯಿತು. ಅಲ್ಲಿ ಒಂದು ವಿಶೇಷವುಂಟು. ಇತರ ಕಡೆಗಳಲ್ಲಿ ‘ಲಿಪಿ’ ಎಂದಿರುವ ಶಬ್ದವು ಆ ಎರಡು ಬಂಡೆಗಳ ಮೇಲೆ ‘ದಿಪಿ’ ಎಂದಿದೆ. ‘ಬರೆಯಲ್ಪಟ್ಟಿತು’ ಎಂಬ ಅರ್ಥದಲ್ಲಿ ಶಹಬಾಜಗಢಿಯಲ್ಲಿ ‘ನಿಪಿಸ್ತ’ ಎಂಬ ಶಬ್ದವೂ ಬಂದಿದೆ. ಪಾರಸಿಕ ಚಕ್ರವರ್ತಿಗಳ ಶಾಸನಗಳಲ್ಲಿ ಬರಹಕ್ಕಿರುವ ಹೆಸರು ‘ದಿಪಿ’. ಬರೆದುದಕ್ಕಿರುವ ಹೆಸರು ‘ನಿಪಿಷ್ಟ’. ಈ ಸಾದೃಶ್ಯವು ಕಾಕತಾಳೀಯವೆಂದು ಹೇಳುವಂತಿಲ್ಲ.

ಇಲ್ಲಿ ಸಂಸ್ಕೃತಪಂಡಿತರು ಒಂದು ಆಕ್ಷೇಪವನ್ನು ಎತ್ತುವುದು ಸಹಜ. ಲಿಪಿಶಬ್ದಕ್ಕೆ ವ್ಯುತ್ಪತ್ತಿಯು ಸಿದ್ಧವಾಗಿಯೇ ಇದೆ. ಬಳಿಯುವುದೆಂಬ ಅರ್ಥವುಳ್ಳ ‘ಲಿಪ್’ ಧಾತುವಿನಿಂದ ಅದು ನಿಷ್ಪನ್ನವಾಗುತ್ತದೆ. ಮಸಿಯನ್ನು ಬಳಿಯುವುದರಿಂದ ಬರಹವು ಲಿಪಿಯಾಯಿತು. ಹೀಗಿರಲು ಪರದೇಶದ ಶಬ್ದವನ್ನು ಕಲ್ಪಿಸುವುದು ಗೌರವದೋಷವಲ್ಲವೆ ಎಂಬುದು ಅವರ ವಾದ. ಆಕ್ಷೇಪವು ಕ್ಷುಲ್ಲಕವಲ್ಲ. ಆದರೆ ಅದಕ್ಕೆ ಸಮಾಧಾನವು ಪಾಣಿನಿಯ ಸೂತ್ರಪಾಠದಲ್ಲಿಯೇ ದೊರೆಯುತ್ತದೆ. ತೃತೀಯಾಧ್ಯಾಯದ ದ್ವಿತೀಯಪಾದದಲ್ಲಿ ‘ಕೃ’ ಧಾತುವಿಗೆ ‘ಟ’ ಪ್ರತ್ಯಯವನ್ನು ವಿಧಿಸುವ ಸೂತ್ರವೊಂದುಂಟು. ದಿವಾಕರ, ಪ್ರಭಾಕರ, ಚಿತ್ರಕರ ಮೊದಲಾದ ರೂಪಗಳು ಆ ಸೂತ್ರದಿಂದ ಸಿದ್ಧಿಸುವುವು. ಅದೇ ಸೂತ್ರದಲ್ಲಿ ಲಿಪಿ ಎಂಬುದನ್ನೂ ಲಿಬಿ ಎಂಬುದನ್ನೂ ಬೇರೆಬೇರೆಯಾಗಿ ಪಠಿಸಲಾಗಿದೆ. ಲಿಪಿಕರ, ಲಿಬಿಕರ ಎಂಬ ಎರಡು ರೂಪಗಳೂ ಆಚಾರ್ಯರಿಗೆ ಇಷ್ಟವಾದವು. ಲಿಪಿಯು ಲಿಪ್ ಧಾತುವಿನಿಂದ ಬಂದಿತೆಂದರೆ ಲಿಬಿಗೆ ಧಾತುವೆಲ್ಲಿದೆ? ಒಂದೇ ಅರ್ಥದಲ್ಲಿ ಪಕಾರ ಬಕಾರಗಳ ಭೇದವುಳ್ಳ ಎರಡು ರೂಪಗಳು ಒಂದೇ ಕಾಲದಲ್ಲಿ ಶಿಷ್ಟರ ಬಾಯಲ್ಲಿ ಓಡಾಡುತ್ತಿದ್ದುದು ಆ ಶಬ್ದವು ಹೊರಗಿನಿಂದ ಬಂದು ಇನ್ನೂ ಒಂದು ರೂಪದಲ್ಲಿ ನೆಲೆಗೊಂಡಿರಲಿಲ್ಲವೆಂಬುದಕ್ಕೆ ಜ್ಞಾಪಕವಾಗುವುದು.

ಪಾಣಿನಿಯ ಊರಾದ ಶಲಾತುರವು ಗಾಂಧಾರದಲ್ಲಿ ಸಿಂಧೂ ಮತ್ತು ಕುಭಾ ನದಿಗಳ ಸಂಗಮಕ್ಕೆ ಸಮೀಪದಲ್ಲಿದ್ದಿತು. ಪಾರಸಿಕರ ಕಚೇರಿಗಳಿದ್ದ ಸೀಮೆಯೇ ಅದು. ‘ಯವನಾನೀ’ ಎಂಬ ರೂಪವೂ ಅಷ್ಟಾಧ್ಯಾಯಿಯಿಂದ ಸಿದ್ಧಿಸುವುದು. ಅದು ಯವನರ ಲಿಪಿಯನ್ನು ಹೇಳುವುದೆಂದು ವಾರ್ತಿಕಕಾರನಾದ ಕಾತ್ಯಾಯನನು ತಿಳಿಸಿರುವನು. ಯವನಶಬ್ದವು ‘ಯೌನ’ ಎಂಬ ರೂಪದಲ್ಲಿ ಡೇರಿಯಸ್ಸನ ಶಾಸನಗಳಲ್ಲಿದೆ. ಏಷಿಯಾ ಮೈನರಿನ ಅಯೋನಿಯಾ ಸೀಮೆಯ ಗ್ರೀಕರಿಗೆ ಅದು ಹೆಸರು. ಆದುದರಿಂದ ಯವನಶಬ್ದವನ್ನು ಕಂಡೊಡನೆಯೇ ಪಾಣಿನಿಯು ಅಲೆಕ್ಸಾಂಡರನಿಗಿಂತ ಈಚಿನವನೆಂದು ಸಾಧಿಸಹೊರಡುವುದು ಹೇತ್ವಾಭಾಸ. ಆ ದಂಡಯಾತ್ರೆಗೆ ಒಂದೂವರೆ ಶತಮಾನದ ಮೊದಲೇ ಅಯೋನಿಯರೂ ಗಾಂಧಾರರೂ ಒಬ್ಬನೇ ಚಕ್ರವರ್ತಿಯ ಪ್ರಜೆಗಳಾಗಿದ್ದರು.

ಧಾತುವನ್ನು ಕಲ್ಪಿಸಬಲ್ಲ ಶಾಸ್ತ್ರವು ಶಬ್ದದ ಸಾಧುತ್ವವನ್ನು ಸಾಧಿಸುವುದೇ ಹೊರತು ಶಬ್ದವು ಬಂದ ದಾರಿಯನ್ನಲ್ಲ. ನಿರ್ವಚನವೂ ಇತಿಹಾಸವೂ ಭಿನ್ನವಿಷಯಗಳು. ಲಿಪಿಶಬ್ದವು ಪಾರಸಿಕರಿಂದ ಬಂದಿತೆಂದರೆ ಸಂಸ್ಕೃತಕ್ಕೆ ಯಾವ ಕುಂದೂ ಇಲ್ಲ. ಪಾರಸಿಕರು ಕೂಡ ಅದನ್ನು ಹುಟ್ಟಿಸಿದವರಲ್ಲ. ‘ದಿಪಿ’ ಎಂಬುದು ಅವರಿಗೆ ಏಲಾಮ್ ದೇಶದಿಂದ ಬಂದಿತು, ಏಲಾಮಿಗೆ ಬ್ಯಾಬಿಲೋನಿನ ಭಾಷೆಯಿಂದ ಬಂದಿತು, ಅದಕ್ಕೆ ಸುಮೇರಿಯರ ಜೇಡಿಮಣ್ಣಿನ ಹಲಗೆಯ ಹೆಸರಿನಿಂದ ಬಂದಿತು ಎಂದು ಭಾಷಾಶಾಸ್ತ್ರಜ್ಞರು ತೋರಿಸಿಕೊಟ್ಟಿದ್ದಾರೆ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿಗೆ ಬರಬಹುದು. ಅಲ್ಲಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲಿರುವ ಅಶೋಕನ ಶಾಸನಗಳನ್ನು ಬಿ. ಎಲ್. ರೈಸ್ ಅವರು ೧೮೯೨ರಲ್ಲಿ ಬೆಳಕಿಗೆ ತಂದರು. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಆರೋಗ್ಯವನ್ನು ವಿಚಾರಿಸಿ ದೇವಾನಾಂಪ್ರಿಯನ ಆಜ್ಞೆಯನ್ನು ತಿಳಿಸುವ ಬರಹ ಅದು. ಭಾಷೆ ಪ್ರಾಕೃತ, ಅಕ್ಷರ ಬ್ರಾಹ್ಮಿ. ಕಡೆಯಲ್ಲಿ ಬರೆದವನು ಚಪಡನೆಂಬ ಲಿಪಿಕರನೆಂದಿದೆ. ಆ ‘ಲಿಪಿಕರೇಣ’ ಎಂಬ ಒಂದು ಪದವನ್ನು ಮಾತ್ರ ಅವನು ಬ್ರಾಹ್ಮಿಯಲ್ಲಿ ಬರೆಯದೆ ಬಲದಿಂದ ಎಡಕ್ಕೆ ಓದತಕ್ಕ ಖರೋಷ್ಠಿಯಲ್ಲಿ ಬರೆದಿದ್ದಾನೆ.

ಇದರ ಮಹತ್ತ್ವವನ್ನು ಪಠ್ಯಗ್ರಂಥಗಳು ಗಮನಿಸದಿರುವುದು ಆಶ್ಚರ್ಯಕರ. ಪಾಣಿನಿಯು ಗಾಂಧಾರದಲ್ಲಿ ಯಾವ ಶಬ್ದಕ್ಕೆ ಸೂತ್ರವನ್ನು ರಚಿಸಿದನೋ ಅದೇ ಶಬ್ದವು, ಪಾರಸಿಕರ ಕಚೇರಿಯಿಂದ ಹೊರಟ ಅದೇ ವೃತ್ತಿನಾಮವು, ಆ ಕಚೇರಿಯ ಅಕ್ಷರದ ಸಂತತಿಯಾದ ಲಿಪಿಯಲ್ಲಿಯೇ ಕನ್ನಡ ನಾಡಿನ ಬಂಡೆಯ ಮೇಲೆ ನಿಂತಿದೆ. ಶಬ್ದ, ಅರ್ಥ, ಅಕ್ಷರ ಮೂರೂ ಒಂದೇ ಮೂಲವನ್ನು ತೋರಿಸುವ ಇಂತಹ ಸಾಕ್ಷ್ಯವು ಅಪೂರ್ವವಾದುದು. ಓದಬಲ್ಲವರು ಇಸಿಲದಲ್ಲಿ ಬಹಳ ಮಂದಿ ಇದ್ದಿರಲಾರರು. ಆದರೂ ಚಪಡನು ತನ್ನ ವೃತ್ತಿಯ ಹೆಸರನ್ನು ಆ ಅಕ್ಷರದಲ್ಲಿಯೇ ಬರೆದುದು ಕರಣಿಕರ ಕುಲಾಭಿಮಾನವನ್ನು ಸೂಚಿಸುವಂತಿದೆ. ನೆರೆಯ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿ ಅಶೋಕನ ಶಾಸನದ ಕೆಲವು ಸಾಲುಗಳು ಎತ್ತು ಉಳುವ ಕ್ರಮದಲ್ಲಿ ಒಮ್ಮೆ ಎಡದಿಂದ ಬಲಕ್ಕೆ, ಒಮ್ಮೆ ಬಲದಿಂದ ಎಡಕ್ಕೆ ಹರಿಯುವುದೂ ಇಲ್ಲಿ ಸ್ಮರಣೀಯ. ಬಲದಿಂದ ಎಡಕ್ಕೆ ಬರೆಯುವ ಅಭ್ಯಾಸವುಳ್ಳ ಕೈಗಳು ದಕ್ಷಿಣಾಪಥಕ್ಕೆ ಬಂದಿದ್ದುವೆಂಬ ಊಹೆಗೆ ಅದೂ ಪೋಷಕವಾಗಿದೆ.

ಈ ಸಾಕ್ಷ್ಯದಿಂದ ಏನು ಸಿದ್ಧವಾಗುವುದಿಲ್ಲವೆಂಬುದನ್ನೂ ಹೇಳಬೇಕು. ಚಪಡನು ಪಾರಸಿಕನೆಂದಾಗಲಿ ಗಾಂಧಾರದಲ್ಲಿ ಹುಟ್ಟಿದವನೆಂದಾಗಲಿ ಶಾಸನವು ಹೇಳುವುದಿಲ್ಲ. ಅವನು ಆ ಅಕ್ಷರವನ್ನು ಬಲ್ಲವನೆಂಬಷ್ಟೇ ಸಿದ್ಧ. ಮೌರ್ಯರ ಆಡಳಿತವೆಲ್ಲವೂ ಪಾರಸಿಕರ ಅನುಕರಣವೆಂಬ ಕೆಲವು ಪಾಶ್ಚಾತ್ಯ ವಿದ್ವಾಂಸರ ವಾದವೂ ಇದರಿಂದ ಸಿದ್ಧಿಸದು. ಶಾಸನಗಳನ್ನು ಬಂಡೆಯ ಮೇಲೆ ಕೊರೆಯಿಸುವ ಪದ್ಧತಿಯು ಡೇರಿಯಸ್ಸನಿಂದ ಬಂದಿರಬಹುದು. ಆದರೆ ಡೇರಿಯಸ್ಸನ ಬಂಡೆಯು ಶತ್ರುಗಳನ್ನು ಕೆಡಹಿದ ಕಥೆಯನ್ನು ಹೇಳುವುದು. ಅಶೋಕನ ಬಂಡೆಯು ಕಳಿಂಗವನ್ನು ಗೆದ್ದುದಕ್ಕಾಗಿ ಅನುತಾಪವನ್ನು ಹೇಳುವುದು. ಪಾತ್ರವು ಎರವಲಾಗಿ ಬಂದಿದ್ದರೂ ಅದರಲ್ಲಿ ತುಂಬಿದ ರಸವು ಸ್ವಂತದ್ದು.

ಯವನರ ಆಕ್ರಮಣದ ವಿಷಯಕ್ಕೆ ಬಂದರೆ ಎರಡು ಆಕ್ರಮಣಗಳನ್ನು ಬೇರ್ಪಡಿಸಿ ನೋಡುವುದು ಅಗತ್ಯ. ಅಲೆಕ್ಸಾಂಡರನು ಕ್ರಿ. ಪೂ. ೩೨೬ರ ವಸಂತದಲ್ಲಿ ಸಿಂಧುವನ್ನು ದಾಟಿ ೩೨೫ರಲ್ಲಿ ಹಿಂದಿರುಗಿದನು. ಅವನಿದ್ದುದು ಸುಮಾರು ೧೯ ತಿಂಗಳು. ಅವನ ಸೇನಾನಿಯಾಗಿದ್ದ ಸೆಲ್ಯೂಕಸನು ಚಂದ್ರಗುಪ್ತನೊಡನೆ ಸಂಧಿಯನ್ನು ಮಾಡಿಕೊಂಡು ೫೦೦ ಆನೆಗಳನ್ನು ಪಡೆದು ಸಿಂಧುವಿನ ಪಶ್ಚಿಮದ ಪ್ರಾಂತಗಳನ್ನು ಬಿಟ್ಟುಕೊಟ್ಟನು. ಹೀಗೆ ಬಂದ ಪ್ರಾಂತಗಳಲ್ಲಿದ್ದ ಯವನಪ್ರಜೆಗಳಿಗಾಗಿಯೇ ಅಶೋಕನು ಕಂದಹಾರದಲ್ಲಿ ಗ್ರೀಕ್ ಭಾಷೆಯಲ್ಲಿ ಶಾಸನಗಳನ್ನು ಬರೆಯಿಸಿದನು. ಅವು ದೊರೆತುದು ೧೯೫೮ ಮತ್ತು ೧೯೬೩ರಲ್ಲಿ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ೧೯೮೯ರಲ್ಲಿ ಬೆಳಕಿಗೆ ಬಂದ ಅಶೋಕನ ಶಿಲಾಶಾಸನಗಳಲ್ಲಿ ಹನ್ನೆರಡನೆಯದು ಉಂಟು. ಕಂದಹಾರದ ಗ್ರೀಕ್ ಶಾಸನದಲ್ಲಿಯೂ ಆ ಹನ್ನೆರಡನೆಯ ಶಾಸನದ ಕಡೆಯ ಭಾಗವುಂಟು. ಪರಮತವನ್ನು ನಿಂದಿಸದೆ ಗೌರವಿಸಬೇಕೆಂಬ ಒಂದೇ ಉಪದೇಶವನ್ನು ಯವನರು ಗ್ರೀಕಿನಲ್ಲಿ, ಭೀಮಾತೀರದವರು ಪ್ರಾಕೃತದಲ್ಲಿ ಓದಿದರು. ಆಕ್ರಮಣದ ಪ್ರಕರಣದಲ್ಲಿ ವಿತಸ್ತೆಯ ಯುದ್ಧಕ್ಕೆ ನಾಲ್ಕು ಪುಟಗಳನ್ನು ಕೊಡುವವರು ಇದಕ್ಕೆ ನಾಲ್ಕು ಪಂಕ್ತಿಗಳನ್ನಾದರೂ ಕೊಡುವುದು ಯೋಗ್ಯವಾಗಿದೆ.

ಎರಡನೆಯದು ಬಾಹ್ಲೀಕದೇಶದ ಯವನರ ಆಕ್ರಮಣ, ಇದು ಕ್ರಿ. ಪೂ. ಎರಡನೆಯ ಶತಮಾನದ್ದು. ಮಧ್ಯದೇಶದೊಳಗೆ ನುಗ್ಗಿದುದು ನಿಜವಾಗಿ ಇದೇ. ಇದಕ್ಕೆ ಭಾರತೀಯ ಸಾಕ್ಷ್ಯವುಂಟು, ಅದೂ ವ್ಯಾಕರಣದಲ್ಲಿ. ಕಣ್ಣಿಗೆ ಕಾಣದೆ ನಡೆದರೂ ಲೋಕಪ್ರಸಿದ್ಧವಾಗಿದ್ದು, ಹೇಳುವವನು ಮನಸ್ಸುಮಾಡಿದ್ದರೆ ನೋಡಬಹುದಾಗಿದ್ದ ಘಟನೆಯಲ್ಲಿ ಲಙ್ ಪ್ರಯೋಗವನ್ನು ವಾರ್ತಿಕವು ವಿಧಿಸುತ್ತದೆ. ಅದಕ್ಕೆ ಪತಂಜಲಿಯು ಕೊಡುವ ಉದಾಹರಣೆಗಳು ಯವನನು ಸಾಕೇತವನ್ನು ಮುತ್ತಿದುದು ಮತ್ತು ಮಧ್ಯಮಿಕೆಯನ್ನು ಮುತ್ತಿದುದು. ವಾಸುದೇವನು ಕಂಸನನ್ನು ಕೊಂದಂತಹ ಪುರಾತನ ವೃತ್ತಾಂತದಲ್ಲಿ ಲಙ್ ಸಲ್ಲದು, ಲಿಟ್ ಬರಬೇಕೆಂದು ಪ್ರತ್ಯುದಾಹರಣೆಯನ್ನೂ ಕೊಟ್ಟಿರುವನು. ಆಕ್ರಮಣವನ್ನು ವರ್ಣಿಸುವ ಉದ್ದೇಶವೇ ಭಾಷ್ಯಕಾರನಿಗಿಲ್ಲ. ಆದುದರಿಂದಲೇ ಅವನ ಮಾತು ಪಕ್ಷಪಾತರಹಿತವಾದುದು. ಅರಿಯನ್ನನ ಸುದೀರ್ಘವರ್ಣನೆಗೆ ನಾಲ್ಕೂವರೆ ಶತಮಾನಗಳ ಅಂತರವಿದ್ದರೆ ಪತಂಜಲಿಯ ಎರಡು ಪುಟ್ಟ ವಾಕ್ಯಗಳಿಗೆ ಲಕಾರವೇ ಸಮಕಾಲೀನತೆಯ ಮುದ್ರೆಯನ್ನೊತ್ತಿದೆ. ಕಾಳಿದಾಸನು ಮಾಲವಿಕಾಗ್ನಿಮಿತ್ರದಲ್ಲಿ ಸಿಂಧುನದಿಯ ದಡದಲ್ಲಿ ವಸುಮಿತ್ರನು ಯವನರ ಅಶ್ವಸೇನೆಯನ್ನು ಎದುರಿಸಿದನೆಂದು ಹೇಳುವ ಪ್ರಸಂಗಕ್ಕೂ ಇದರಿಂದ ಬಲ ಬರುತ್ತದೆ.

ಯವನರಿಂದ ಬಂದ ಶಬ್ದಗಳಲ್ಲಿ ಜ್ಯೋತಿಶ್ಶಾಸ್ತ್ರದ ಹೋರಾ, ಕೇಂದ್ರ, ಜಾಮಿತ್ರಗಳು ಸುಪ್ರಸಿದ್ಧ. ಶಾಸನಗಳಲ್ಲಿ ನಾಣ್ಯದ ಹೆಸರಾಗಿ ಬರುವ ‘ದ್ರಮ್ಮ’ವೂ ಯವನರ ದ್ರಖ್ಮದಿಂದ ಬಂದುದೇ. ಇವು ಶಾಂತಿಕಾಲದ ಕೊಡುಕೊಳ್ಳುವಿಕೆಯಿಂದ ಬಂದವು. ಯುದ್ಧದ ಗುರುತನ್ನು ಹೊತ್ತು ಬಂದ ಶಬ್ದವೊಂದುಂಟು, ಅದು ‘ಸುರಂಗ’. ಕೋಟೆಯನ್ನು ಮುತ್ತಿದವರು ಗೋಡೆಯ ಬುಡಕ್ಕೆ ತೋಡುವ ದಾರಿಯನ್ನು ಯವನರು ‘ಸಿರಿಂಕ್ಸ್’ ಎನ್ನುತ್ತಿದ್ದರು. ಅದೇ ಸಂಸ್ಕೃತದ ‘ಸುರುಂಗಾ’ ಎಂಬುದು ವಿದ್ವಾಂಸರಲ್ಲಿ ಬಹುಮಂದಿಯ ಮತ. ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿ ೧೯೦೯ರಲ್ಲಿ ಅಚ್ಚುಹಾಕಿಸಿದ ಕೌಟಿಲೀಯ ಅರ್ಥಶಾಸ್ತ್ರದಲ್ಲಿ ಈ ಶಬ್ದವು ಬಂದಿರುವುದರಿಂದ ಆ ಗ್ರಂಥದ ಕಾಲನಿರ್ಣಯದ ಚರ್ಚೆಯಲ್ಲಿಯೂ ಇದಕ್ಕೆ ಸ್ಥಾನ ದೊರೆತಿದೆ. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಕೃಷಿಕರು ಮುರಕಲ್ಲಿನ ಗುಡ್ಡವನ್ನು ಅಡ್ಡಲಾಗಿ ಕೊರೆದು ತೋಟಕ್ಕೆ ನೀರನ್ನು ತರುವ ಬಿಲಕ್ಕೆ ಇಂದಿಗೂ ಸುರಂಗವೆಂದೇ ಹೆಸರು. ಇರಾನಿನ ನೆಲದಡಿಯ ಕಾಲುವೆಗಳಿಗೂ ಇದಕ್ಕೂ ಹೋಲಿಕೆಯುಂಟೆಂಬ ಮಾತ್ರಕ್ಕೆ ವಿದ್ಯೆಯೂ ಅಲ್ಲಿಂದಲೇ ಬಂದಿತೆನ್ನುವುದು ಸಾಹಸ; ಸಿದ್ಧವಾಗುವುದು ಶಬ್ದದ ಪ್ರಯಾಣ ಮಾತ್ರ. ಕೋಟೆಯನ್ನು ಕೆಡಹಲು ಹುಟ್ಟಿದ ಹೆಸರು ಅಡಕೆಯ ತೋಟಕ್ಕೆ ನೀರುಣಿಸುವ ಬಿಲಕ್ಕೆ ಸಂದಿತು.

ಬಂದುದನ್ನು ಹೇಳಿ ಹೋದುದನ್ನು ಹೇಳದಿದ್ದರೆ ಲೆಕ್ಕವು ಅಪೂರ್ಣವಾಗುವುದು. ಕ್ರಿ. ಶ. ಎರಡನೆಯ ಶತಮಾನದ ಭೂಗೋಳಜ್ಞನಾದ ಟಾಲೆಮಿಯು ದಕ್ಷಿಣಭಾರತದ ಒಳನಾಡನ್ನು ವರ್ಣಿಸುವಾಗ ‘ಪೌನ್ನಾಟ’ ಎಂಬ ಸ್ಥಳವನ್ನು ಹೆಸರಿಸಿ ಅಲ್ಲಿ ‘ಬೆರಿಲ್ಲಸ್’ ಎಂಬ ರತ್ನವು ದೊರೆಯುತ್ತದೆಂದಿರುವನು. ಇದು ಶಾಸನಗಳಲ್ಲಿ ಬರುವ ಪುನ್ನಾಟವೆಂದು ವಿದ್ವಾಂಸರು ಗುರುತಿಸಿರುವರು. ಪುನ್ನಾಟದ ರಾಜಧಾನಿಯಾದ ಕೀರ್ತಿಪುರವು ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಕಪಿಲಾನದಿಯ ದಡದ ಕಿತ್ತೂರು. ಬೆರಿಲ್ಲಸ್ ಎಂಬ ಹೆಸರು ಯವನರದ್ದಲ್ಲ. ಅದು ವೈಡೂರ್ಯದ ಪ್ರಾಕೃತರೂಪದಿಂದ ಅವರಿಗೆ ಹೋದುದು. ವೈಡೂರ್ಯಶಬ್ದಕ್ಕೆ ಪಾಣಿನಿಯು ವಿಶೇಷಸೂತ್ರವನ್ನೇ ರಚಿಸಿದ್ದಾನೆ. ರತ್ನವು ಹುಟ್ಟುವುದು ವಾಲವಾಯ ಪರ್ವತದಲ್ಲಿ, ವಿದೂರದಲ್ಲಲ್ಲ. ಹೀಗಿರುವಾಗ ವಿದೂರಶಬ್ದದಿಂದ ಪ್ರತ್ಯಯವೇಕೆ ಎಂದು ಪತಂಜಲಿಯು ಆಕ್ಷೇಪಿಸಿ, ವರ್ತಕರು ವಾರಾಣಸಿಯನ್ನು ಜಿತ್ವರಿಯೆಂದು ಕರೆಯುವಂತೆ ವೈಯಾಕರಣರು ಆ ಪರ್ವತವನ್ನು ವಿದೂರವೆನ್ನುವರೆಂಬ ಸಮಾಧಾನವನ್ನೂ ಚರ್ಚಿಸಿರುವನು. ಲಿಪಿಯೆಂಬ ಶಬ್ದವು ಪಶ್ಚಿಮದಿಂದ ಬ್ರಹ್ಮಗಿರಿಯವರೆಗೆ ಬಂದಿತು; ವೈಡೂರ್ಯವೆಂಬ ಶಬ್ದವು ಭಾರತದಿಂದ ಪಶ್ಚಿಮಕ್ಕೆ ಹೋಯಿತು. ಎರಡಕ್ಕೂ ಪಾಣಿನಿಯ ಸೂತ್ರವುಂಟು. ಎರಡಕ್ಕೂ ಕನ್ನಡ ನಾಡಿನಲ್ಲಿ ನೆಲೆಯುಂಟು. ಕಪಿಲೆಯ ಮತ್ತು ಲಕ್ಷ್ಮಣತೀರ್ಥದ ಸೀಮೆಯ ಮಕ್ಕಳಿಗೆ ಯವನರ ಪಾಠವನ್ನು ಹೇಳುವ ಉಪಾಧ್ಯಾಯರು ಪಂಜಾಬಿನ ಯುದ್ಧಭೂಮಿಯನ್ನು ಹುಡುಕಿಕೊಂಡು ಹೋಗುವ ಮೊದಲು ನೆರೆಯಲ್ಲಿಯೇ ಇರುವ ಕಿತ್ತೂರಿನ ಹೆಸರನ್ನು ಹೇಳಬಹುದಾಗಿದೆ.

ಇನ್ನು ಕನ್ನಡ ಸಾಕ್ಷ್ಯವನ್ನು ಬಳಸುವಲ್ಲಿ ವಹಿಸತಕ್ಕ ಎಚ್ಚರಿಕೆಗಳು ಎರಡು. ಒಂದನೆಯದು, ಯವನಶಬ್ದದ ಅರ್ಥಪರಿವರ್ತನೆ. ಕೃಷ್ಣದೇವರಾಯನ ಬಿರುದಾದ ‘ಯವನರಾಜ್ಯಸ್ಥಾಪನಾಚಾರ್ಯ’ ಎಂಬುದರಲ್ಲಿ ಯವನರೆಂದರೆ ಗ್ರೀಕರಲ್ಲ, ಬಹಮನಿ ಸುಲ್ತಾನರು. ವಿಜಯನಗರದ ಅರಸರ ಇನ್ನೊಂದು ಬಿರುದು ‘ಹಿಂದೂರಾಯಸುರತ್ರಾಣ’. ಅದರೊಳಗಿನ ಹಿಂದುಶಬ್ದವು ಸಿಂಧುವಿನ ಸಕಾರವನ್ನು ಹಕಾರವಾಗಿ ಉಚ್ಚರಿಸಿದ ಪಾರಸಿಕರ ನಾಲಗೆಯದು. ಶಾಸನದ ಶಬ್ದಕ್ಕೆ ಶಾಸನದ ಕಾಲದ ಅರ್ಥವನ್ನೇ ಹೇಳತಕ್ಕದ್ದು. ಎರಡನೆಯದು, 1903ರಲ್ಲಿ ಪ್ರಕಟವಾದ ಆಕ್ಸಿರಿಂಕಸ್ ಪಪೈರಸ್ಸಿನ ಗ್ರೀಕ್ ಪ್ರಹಸನ. ಅದರಲ್ಲಿ ಭಾರತೀಯ ಪಾತ್ರಗಳಾಡುವ ಮಾತುಗಳು ಕನ್ನಡವೆಂದು ಹುಲ್ಟ್ಷ್ ಅವರು ೧೯೦೪ರಲ್ಲಿ ಸೂಚಿಸಿದರು. ಶಾಮಶಾಸ್ತ್ರಿಗಳೂ ಮಂಜೇಶ್ವರದ ಗೋವಿಂದ ಪೈಗಳೂ ಆ ಪಕ್ಷವನ್ನು ಪೋಷಿಸಿದರು. ೧೯೨೬ರಲ್ಲಿ ಬಾರ್ನೆಟ್ ಅವರು ಅದನ್ನು ಒಪ್ಪಲಿಲ್ಲ. ಆ ಪ್ರಹಸನವು ಕಡಲ ವ್ಯಾಪಾರದ ಯುಗಕ್ಕೆ ಸೇರಿದುದು. ಆಕ್ರಮಣಕ್ಕೆ ಅದು ಸಾಕ್ಷಿಯಾಗಲಾರದು. ವಿವಾದಗ್ರಸ್ತವಾದುದನ್ನು ಅಭಿಮಾನದಿಂದ ಮುಂದಿಟ್ಟು, ನಿರ್ವಿವಾದವಾದ ಚಪಡನ ಖರೋಷ್ಠಿಯನ್ನು ಮರೆಯುವುದು ಕನ್ನಡದ ಹಿರಿಮೆಯನ್ನು ಬಯಸುವವರಿಗೂ ಹಿತವಲ್ಲ.

ಹೀಗೆ ವಿಮರ್ಶಿಸಲಾಗಿ, ಪಾರಸಿಕ ಯವನಾಕ್ರಮಣಗಳು ವಾಯವ್ಯ ಭಾರತಕ್ಕೆ ಮಾತ್ರ ಸಂಬಂಧಪಟ್ಟ ಸಂಗತಿಗಳೆಂಬ ಪೂರ್ವಪಕ್ಷವು ನಿಲ್ಲಲಾರದು. ಕಪ್ಪವನ್ನು ವಸೂಲುಮಾಡಿದ ಪಾರಸಿಕನ ರಾಜ್ಯವು ಎರಡು ಶತಮಾನಗಳಲ್ಲಿ ಮುಗಿಯಿತು. ಅಲೆಕ್ಸಾಂಡರನ ಅಧಿಕಾರವು ಅವನ ಮರಣದ ಹಿಂದೆಯೇ ಸಿಂಧೂ ಪ್ರಾಂತದಿಂದ ಅಳಿಯಿತು. ಲೇಖನವೃತ್ತಿಯೂ ಅದರ ಹೆಸರೂ ಉಳಿದು ಕನ್ನಡ ನಾಡಿಗೆ ಬಂದುವು. ಇಲ್ಲಿಯ ಮೊತ್ತಮೊದಲ ಶಾಸನಗಳನ್ನು ಬರೆದ ಕೈಗಳಲ್ಲಿ ಒಂದು ಆ ವೃತ್ತಿಯದು. ಇತಿಹಾಸವನ್ನು ಬೋಧಿಸುವವರು ಆಕ್ರಮಣದ ಪ್ರಕರಣವನ್ನು ವಿಪಾಶೆಯ ದಡದಲ್ಲಿ ಮುಗಿಸದೆ ಬ್ರಹ್ಮಗಿರಿಯ ಬಂಡೆಯವರೆಗೆ ತರಬೇಕು. ಸಂಸ್ಕೃತವನ್ನು ಬೋಧಿಸುವವರು ಲಿಪಿಕರಶಬ್ದದ ಸೂತ್ರವನ್ನು ಹೇಳುವಾಗ ಅದರ ಪ್ರಾಚೀನವಾದ ಶಿಲಾಪ್ರಯೋಗವು ಮೊಳಕಾಲ್ಮೂರು ತಾಲ್ಲೂಕಿನಲ್ಲಿದೆ ಎಂಬುದನ್ನು ಉದಾಹರಿಸಬೇಕು. ಈ ಎರಡು ಪಾಠಗಳು ಒಂದಕ್ಕೊಂದು ಬೆಂಬಲವಾಗಿ ನಡೆದರೆ ಶಾಸ್ತ್ರಕ್ಕೂ ಇತಿಹಾಸಕ್ಕೂ ಪ್ರಯೋಜನವಾಗುವುದರಲ್ಲಿ ಸಂದೇಹವಿಲ್ಲ.